ಬ್ಲಾಗ್ ಶುರು ಮಾಡೋದು ಹೇಗೆ? ಕಲಬುರಗಿ, ಬೀದರ್, ಯಾದಗಿರಿಯ ಹೊಸ ಬರಹಗಾರರಿಗೆ ಮಾರ್ಗದರ್ಶಿ

ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಮಾಡುವ ಭಜ್ಜಿಯ ವಿಧಾನವನ್ನು ಕನ್ನಡದಲ್ಲಿ ಹುಡುಕಿ ನೋಡಿ. ಹೆಚ್ಚಾಗಿ ಸಿಗುವುದು ಎಣ್ಣೆಯಲ್ಲಿ ಕರಿದ ಈರುಳ್ಳಿ ಬಜ್ಜಿ, ಮೆಣಸಿನಕಾಯಿ ಬಜ್ಜಿ. ಹಸಿ ಕಾಳು, ಸೊಪ್ಪು, ಕಾಯಿಪಲ್ಯ ಎಲ್ಲ ಕೂಡಿಸಿ ಬೇಯಿಸಿ, ಸಜ್ಜಿ ರೊಟ್ಟಿಯ ಜೊತೆ ಹೊಲದಲ್ಲಿ ಕೂತು ಉಣ್ಣುವ ನಮ್ಮ ಭಜ್ಜಿಯ ಬಗ್ಗೆ ಸರಿಯಾಗಿ ಬರೆದವರು ಬಹಳ ಕಡಿಮೆ. ಮಳಖೇಡದ ಕೋಟೆಗೆ ಹೋಗೋದು ಹೇಗೆ, ನೌಬಾದಿನ ಸುರಂಗ ಬಾವಿ ಅಂದರೆ ಏನು, ಸುರಪುರದಲ್ಲಿ ನೋಡುವಂಥದ್ದು ಏನಿದೆ ಎಂದು ಹುಡುಕಿದರೂ ಹೀಗೇ. ಅದೇ ನಾಲ್ಕು ಸಾಲು ಹತ್ತು ಕಡೆ ಕಾಪಿ ಆಗಿರುತ್ತದೆ.

ಗೊತ್ತಿರುವವರು ನಮ್ಮಲ್ಲಿ ಇಲ್ಲ ಅಂತೇನೂ ಅಲ್ಲ. ಪ್ರತಿ ಓಣಿಯಲ್ಲೂ ಇದ್ದಾರೆ. ಗೊತ್ತಿರುವುದನ್ನು ಬೇರೆಯವರಿಗೆ ಸಿಗುವ ಹಾಗೆ ಬರೆದಿಟ್ಟಿಲ್ಲ, ಅಷ್ಟೇ. ಹಾಗೆ ಬರೆದಿಡಲು ಇವತ್ತಿಗೂ ಎಲ್ಲಕ್ಕಿಂತ ಸುಲಭವಾದ, ದುಡ್ಡು ಬೇಡದ ದಾರಿ ಬ್ಲಾಗ್.

ಬ್ಲಾಗ್ ಅಂದರೆ ಏನು, ಅದು ಇಷ್ಟು ಹರಡಿದ್ದು ಹೇಗೆ

ಬ್ಲಾಗ್ ಎಂದರೆ ನಿಮ್ಮದೇ ವಿಳಾಸ ಇರುವ ಒಂದು ಸಣ್ಣ ವೆಬ್‌ಸೈಟ್. ಹೊಸ ಬರಹ ಮೇಲೆ ಬರುತ್ತದೆ, ಹಳೆಯದು ಕೆಳಗೆ ಹೋಗುತ್ತದೆ. ಪ್ರತಿ ಬರಹಕ್ಕೂ ತಾರೀಕು ಇರುತ್ತದೆ, ಬೇರೆ ಬೇರೆ ಲಿಂಕ್ ಇರುತ್ತದೆ. ಕೆಳಗೆ ಓದುಗರು ತಮ್ಮ ಮಾತು ಸೇರಿಸಬಹುದು.

1994ರಲ್ಲಿ ಜಸ್ಟಿನ್ ಹಾಲ್ ಎಂಬ ಅಮೆರಿಕದ ವಿದ್ಯಾರ್ಥಿ ತನ್ನ ಬದುಕಿನ ಬಗ್ಗೆ ವೆಬ್‌ನಲ್ಲಿ ಬರೆಯತೊಡಗಿದ. ಈ ಬಗೆಯ ಬರವಣಿಗೆಯ ಮೊದಲಿಗರಲ್ಲಿ ಅವನ ಹೆಸರು ಹೇಳುತ್ತಾರೆ. ಆದರೆ ಆಗ ವೆಬ್‌ನಲ್ಲಿ ಒಂದು ಪುಟ ಹಾಕಬೇಕಾದರೆ ವೆಬ್ ಪುಟ ಬರೆಯುವ ಎಚ್‌ಟಿಎಂಎಲ್ ಸಂಕೇತಗಳನ್ನು ಕಲಿಯಬೇಕಿತ್ತು, ಫೈಲುಗಳನ್ನು ಸರ್ವರ್‌ಗೆ ಕಳಿಸುವುದು ಗೊತ್ತಿರಬೇಕಿತ್ತು. ಈ ತೊಡಕು ಹೋಗಿದ್ದು 1999ರಲ್ಲಿ, ಬ್ಲಾಗರ್ ಎಂಬ ಸೇವೆ ಶುರುವಾದಾಗ. ಟೈಪ್ ಮಾಡಿ ಬಟನ್ ಒತ್ತಿದರೆ ಸಾಕು, ಬರಹ ಪ್ರಕಟ. 2003ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು. ಅದೇ ವರ್ಷ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಬ್ಲಾಗ್ ನಡೆಸುವ ವರ್ಡ್‌ಪ್ರೆಸ್ ಎಂಬ ತಂತ್ರಾಂಶ ಹೊರತಂದರು. ಇವತ್ತು ಜಗತ್ತಿನ ವೆಬ್‌ಸೈಟುಗಳಲ್ಲಿ ಶೇಕಡಾ 40ಕ್ಕೂ ಜಾಸ್ತಿ ವರ್ಡ್‌ಪ್ರೆಸ್ ಮೇಲೆಯೇ ನಡೆಯುತ್ತವೆ. 2004ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟು 'ಬ್ಲಾಗ್' ಅನ್ನು ವರ್ಷದ ಪದ ಎಂದು ಆರಿಸಿತು.

ಕನ್ನಡಕ್ಕೆ ಇನ್ನೊಂದು ತೊಡಕಿತ್ತು. ಅದು ಫಾಂಟಿನದು. ಒಬ್ಬರು ಕನ್ನಡದಲ್ಲಿ ಟೈಪ್ ಮಾಡಿದ್ದು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಕಾಣಬೇಕಾದರೆ ಅದೇ ಫಾಂಟ್ ಅಲ್ಲೂ ಬೇಕಿತ್ತು. ಎಲ್ಲ ಕಂಪ್ಯೂಟರುಗಳೂ ಅಕ್ಷರಗಳನ್ನು ಒಂದೇ ರೀತಿ ಗುರುತಿಸುವ ಯೂನಿಕೋಡ್ ಎಂಬ ವ್ಯವಸ್ಥೆ ಬಂದು, ವಿಂಡೋಸ್ ಎಕ್ಸ್‌ಪಿಯ ಜೊತೆಗೆ ತುಂಗಾ ಎಂಬ ಕನ್ನಡ ಫಾಂಟ್ ಸಿಗತೊಡಗಿದ ಮೇಲೆ ಈ ಕಾಟ ಕಡಿಮೆಯಾಯಿತು. ಕನ್ನಡದ ಬ್ಲಾಗುಗಳು ಸಾಲುಸಾಲಾಗಿ ಹುಟ್ಟಿಕೊಂಡದ್ದು ಆಮೇಲೆಯೇ. ಸಂಪಾದಕರಿಗೆ ಕಳಿಸಿ ತಿಂಗಳುಗಟ್ಟಲೆ ಕಾಯಬೇಕಿಲ್ಲ, ಊರು ಬಿಟ್ಟು ಬೆಂಗಳೂರಿಗೆ ಹೋಗಬೇಕಿಲ್ಲ, ಹೆಸರು ಮಾಡಿದವರ ಪರಿಚಯ ಬೇಕಿಲ್ಲ. ಜನ ಬ್ಲಾಗ್ ಹಿಡಿದುಕೊಂಡಿದ್ದು ಇದಕ್ಕೇ. ನಮ್ಮಂಥ ದೂರದ ಜಿಲ್ಲೆಗಳವರಿಗೆ ಈ ಕಾರಣ ಇನ್ನೂ ದೊಡ್ಡದು, ಅಲ್ವಾ?

ಈಗ ಫೇಸ್‌ಬುಕ್ ಇದೆ, ವಾಟ್ಸಾಪ್ ಇದೆ, ಮತ್ತೆ ಬ್ಲಾಗ್ ಯಾಕೆ ಎಂದು ಕೇಳುವವರು ಬಹಳ. ಫೇಸ್‌ಬುಕ್ಕಿನಲ್ಲಿ ಹಾಕಿದ ಒಳ್ಳೆಯ ಬರಹ ಎರಡು ದಿನ ಓಡಾಡುತ್ತದೆ, ಆಮೇಲೆ ಬರೆದವರಿಗೇ ಹುಡುಕಲು ಕಷ್ಟ. ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದು ಆ ಗುಂಪಿನ ಆಚೆ ಗೂಗಲ್‌ಗೆ ಕಾಣುವುದೇ ಇಲ್ಲ. ಬ್ಲಾಗಿನಲ್ಲಿ ಹಾಕಿದ್ದು ಮೂರು ವರ್ಷದ ನಂತರ ಹುಬ್ಬಳ್ಳಿಯಲ್ಲೋ ಪುಣೆಯಲ್ಲೋ ಕೂತು ಹುಡುಕಿದವರಿಗೂ ಸಿಗುತ್ತದೆ. ಓದುಗರು ನಿಧಾನವಾಗಿ ಬರುತ್ತಾರೆ, ಆದರೆ ಬೇಕು ಅಂತಲೇ ಹುಡುಕಿಕೊಂಡು ಬರುತ್ತಾರೆ.

ಮೊದಲ ಹೆಜ್ಜೆ: ವಿಷಯವನ್ನು ಸಣ್ಣದು ಮಾಡಿಕೊಳ್ಳಿ

ಹೊಸಬರು ಎಡವುವುದು ಇಲ್ಲೇ, ಅದಕ್ಕೆ ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ. ಸಿನಿಮಾ, ರಾಜಕೀಯ, ಆರೋಗ್ಯ, ಕವನ, ಪ್ರವಾಸ ಎಲ್ಲವನ್ನೂ ಒಂದೇ ಬ್ಲಾಗಿನಲ್ಲಿ ತುಂಬಿದರೆ ಯಾರೂ ಮತ್ತೆ ಬರುವುದಿಲ್ಲ. ನಿಮಗೆ ಚೆನ್ನಾಗಿ ಗೊತ್ತಿರುವ, ನಡೆದುಹೋಗಿ ನೋಡಿಬರುವಷ್ಟು ಹತ್ತಿರದ ಒಂದು ವಿಷಯ ಹಿಡಿಯಿರಿ.

ಕಲಬುರಗಿಯವರಿಗೆ ತೊಗರಿ ಇದೆ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಆ ಊರಿನದೇ ಬೆಳೆ ಎಂಬ ಗುರುತು) ಸಿಕ್ಕಿದ್ದು ಪೇಪರಿನಲ್ಲಿ ಬಂತು. ಆದರೆ ನೆಟೆ ರೋಗ ಬಂದ ಹೊಲದಲ್ಲಿ ಮುಂದಿನ ವರ್ಷ ಏನು ಬಿತ್ತಬೇಕು, ಟಿಎಸ್-3ಆರ್ ತಳಿ ನಿಮ್ಮ ಮಣ್ಣಿನಲ್ಲಿ ಹೇಗೆ ಬಂತು, ಕಾಯಿಕೊರಕ ಬಿದ್ದಾಗ ಗಿಡ ಅಲ್ಲಾಡಿಸಿ ಹುಳು ಉದುರಿಸುವ ಹಳೆಯ ಪದ್ಧತಿಯನ್ನು ಈಗಲೂ ಯಾರು ಮಾಡುತ್ತಾರೆ, ದಾಲ್ ಮಿಲ್ಲಿನಲ್ಲಿ ಬೇಳೆ ಹೇಗೆ ಒಡೆಯುತ್ತಾರೆ ಎಂಬುದೆಲ್ಲ ಒಬ್ಬ ರೈತ ಇನ್ನೊಬ್ಬ ರೈತನಿಗೆ ಹೇಳುವ ಮಾತು. ಇದಕ್ಕೇ ಮೀಸಲಾದ ಒಂದು ಬ್ಲಾಗ್ ಇದ್ದರೆ ಅದನ್ನು ಓದುವವರು ವಿಜಯಪುರ, ರಾಯಚೂರಿನಲ್ಲೂ ಇದ್ದಾರೆ.

ಬೀದರಿನವರಿಗೆ ವಿಷಯದ ಬರವೇ ಇಲ್ಲ. ಕೋಟೆ, 1472ರಲ್ಲಿ ಕಟ್ಟಿದ ಮಹಮೂದ್ ಗವಾನನ ಮದರಸಾ, ಅಷ್ಟೂರಿನ ಗುಮ್ಮಟಗಳು, ನಾನಕ್ ಝೀರಾ, ಬಸವಕಲ್ಯಾಣ, ಜಲಸಂಗ್ವಿಯ ಶಿಲಾಬಾಲಿಕೆಯರು. ಯಾದಗಿರಿಯವರಿಗೆ ಬೆಟ್ಟದ ಮೇಲಿನ ಕೋಟೆ, ಭೀಮಾ ನದಿ, ಮೈಲಾಪುರದ ಮಲ್ಲಯ್ಯನ ಜಾತ್ರೆ, ಬೋನಾಳ ಕೆರೆಯ ಹಕ್ಕಿಗಳು, ಸುರಪುರದ ನಾಯಕರ ಇತಿಹಾಸ. ಇಷ್ಟನ್ನೂ ಒಬ್ಬರೇ ಬರೆಯಬೇಕು ಅಂತಿಲ್ಲ. ಬೋನಾಳದ ಹಕ್ಕಿಗಳನ್ನು ಮಾತ್ರ ವರ್ಷವಿಡೀ ಗಮನಿಸಿ ಬರೆದರೂ ಒಂದು ಒಳ್ಳೆಯ ಬ್ಲಾಗ್ ಆಗುತ್ತದೆ.

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಹಿರಿಯರ ನೆನಪುಗಳನ್ನು ಬರೆದಿಡುವುದು. ನಮ್ಮ ಭಾಗ ನಿಜಾಮರ ಆಳ್ವಿಕೆಯಿಂದ ಬಿಡುಗಡೆಯಾಗಿದ್ದು 1948ರ ಸೆಪ್ಟೆಂಬರ್ 17ರಂದು. ಆಗ ಹತ್ತು ವರ್ಷದ ಮಕ್ಕಳಾಗಿದ್ದವರು ಈಗ ಎಂಬತ್ತೈದು ದಾಟಿದ್ದಾರೆ. ಅವರ ಶಾಲೆ ಹೇಗಿತ್ತು, ಯಾವ ಭಾಷೆಯಲ್ಲಿ ಕಲಿತರು, ಯಾವ ನಾಣ್ಯ ನಡೆಯುತ್ತಿತ್ತು, ಊರು ಬಿಟ್ಟು ಹೋದವರು ಯಾವಾಗ ವಾಪಸ್ ಬಂದರು, ಎಲ್ಲ ಕೇಳಿ. ರಜಾಕಾರರ ಕಾಲದ ನೋವಿನ ಮಾತು ಬಂದೇ ಬರುತ್ತದೆ. ಅದನ್ನು ಹೇಳಿದವರ ಮಾತಾಗಿಯೇ ಬರೆಯಿರಿ, ಇಡೀ ಒಂದು ಸಮುದಾಯದ ಮೇಲೆ ಹೊರಿಸಬೇಡಿ. ಅದೇ ದಿನಗಳಲ್ಲಿ ಪಕ್ಕದ ಮನೆಯವರನ್ನು ಕಾಪಾಡಿದವರ ಕತೆಯನ್ನೂ ಕೇಳಿ ಬರೆಯಿರಿ. ಈ ಕೆಲಸಕ್ಕೆ ಇನ್ನು ಜಾಸ್ತಿ ವರ್ಷ ಉಳಿದಿಲ್ಲ.

ವಿಷಯ ಸರಿ ಇದೆಯಾ ಎಂದು ನೋಡಲು ಒಂದು ಸುಲಭದ ಪರೀಕ್ಷೆ ಇದೆ. ಒಂದು ಹಾಳೆ ತಗೊಂಡು ಆ ವಿಷಯದ ಮೇಲೆ ಬರೆಯಬಹುದಾದ ಹದಿನೈದು ಬರಹಗಳ ತಲೆಬರಹ ಗೀಚಿ. ಸಲೀಸಾಗಿ ಬಂದರೆ ಶುರು ಮಾಡಿ. ಐದಕ್ಕೇ ನಿಂತರೆ ಬೇರೆ ವಿಷಯ ಯೋಚಿಸಿ.

ಎರಡನೇ ಹೆಜ್ಜೆ: ಜಾಗ ಆರಿಸಿ, ಬ್ಲಾಗ್ ತೆರೆಯಿರಿ

ಹೊಸಬರಿಗೆ ನಾನು ಹೇಳುವುದು ಬ್ಲಾಗರ್. ಪೂರ್ತಿ ಉಚಿತ, ಜಿಮೇಲ್ ಇದ್ದರೆ ಸಾಕು, ಮೊಬೈಲಿನ ಬ್ರೌಸರಿನಲ್ಲೂ ನಡೆಯುತ್ತದೆ. ವರ್ಡ್‌ಪ್ರೆಸ್ ಡಾಟ್ ಕಾಮ್‌ನಲ್ಲೂ ಉಚಿತ ಖಾತೆ ಇದೆ, ಆದರೆ ಅದರಲ್ಲಿ ಅವರ ಜಾಹೀರಾತು ಬರುತ್ತದೆ, ಜಾಗಕ್ಕೂ ಮಿತಿ ಇದೆ. ಸ್ವಂತ ಹೋಸ್ಟಿಂಗ್ (ವೆಬ್‌ಸೈಟ್ ಇಡುವ ಜಾಗ) ಕೊಂಡು ವರ್ಡ್‌ಪ್ರೆಸ್ ಹಾಕಿಕೊಂಡರೆ ಬೇಕಾದ ಹಾಗೆ ಮಾಡಿಕೊಳ್ಳಬಹುದು, ಆದರೆ ಪ್ರತಿ ವರ್ಷ ದುಡ್ಡು ಕಟ್ಟಬೇಕು. ಒಂದು ವರ್ಷ ಬಿಡದೆ ಬರೆದ ಮೇಲೆ ಅದನ್ನು ಯೋಚಿಸಿದರೆ ಸಾಕು.

ಬ್ಲಾಗರ್ ಡಾಟ್ ಕಾಮ್‌ಗೆ ಹೋಗಿ ಜಿಮೇಲ್‌ನಿಂದ ಲಾಗಿನ್ ಆಗಿ. ಹೊಸ ಬ್ಲಾಗ್ ಎಂಬುದನ್ನು ಒತ್ತಿದರೆ ಮೊದಲು ಬ್ಲಾಗಿನ ಹೆಸರು ಕೇಳುತ್ತದೆ. ಇದನ್ನು ಕನ್ನಡದಲ್ಲೇ ಕೊಡಿ. ಆಮೇಲೆ ವಿಳಾಸ ಕೇಳುತ್ತದೆ. ಇದು ಇಂಗ್ಲಿಷ್ ಅಕ್ಷರಗಳಲ್ಲಿ ಇರಬೇಕು, ಕೊನೆಗೆ ಬ್ಲಾಗ್‌ಸ್ಪಾಟ್ ಡಾಟ್ ಕಾಮ್ ತಾನೇ ಸೇರಿಕೊಳ್ಳುತ್ತದೆ. ವಿಳಾಸ ಚಿಕ್ಕದಿರಲಿ. ಫೋನಿನಲ್ಲಿ ಬಾಯಿಮಾತಲ್ಲಿ ಹೇಳಿದರೂ ಎದುರಿಗಿದ್ದವರು ತಪ್ಪಿಲ್ಲದೆ ಬರೆದುಕೊಳ್ಳುವಂತಿರಲಿ. ನಡುವೆ ಅಂಕಿ, ಗೆರೆ ಬೇಡ. ಆಮೇಲೆ ಬದಲಿಸಿದರೆ ಹಳೆಯ ಲಿಂಕುಗಳೆಲ್ಲ ಕೆಲಸ ಮಾಡುವುದನ್ನು ನಿಲ್ಲಿಸುತ್ತವೆ, ಹಾಗಾಗಿ ಒಂದು ರಾತ್ರಿ ಯೋಚಿಸಿಯೇ ಆರಿಸಿ.

ಸೆಟ್ಟಿಂಗ್ಸ್‌ನಲ್ಲಿ ನಾಲ್ಕು ಕೆಲಸ ಮಾಡಿ. ಭಾಷೆ ಕನ್ನಡ ಎಂದು ಆರಿಸಿ. ಟೈಮ್ ಝೋನ್ ಭಾರತದ್ದು ಇದೆಯಾ ನೋಡಿ. ಗೂಗಲ್‌ನಲ್ಲಿ ಹುಡುಕಿದಾಗ ಬರಹದ ಸಾರ ತೋರಿಸಲು ಇರುವ ಸರ್ಚ್ ಡಿಸ್ಕ್ರಿಪ್ಷನ್ ಆನ್ ಮಾಡಿ. ಕಾಮೆಂಟ್ ಮಾಡರೇಷನ್‌ನಲ್ಲಿ 'ಆಲ್ವೇಸ್' ಇಡಿ, ಆಗ ನೀವು ನೋಡಿ ಒಪ್ಪಿದ ಮೇಲೆಯೇ ಕಾಮೆಂಟ್ ಕಾಣುತ್ತದೆ. ಜಿಮೇಲ್ ಖಾತೆಗೆ ಎರಡು ಹಂತದ ಪರಿಶೀಲನೆಯನ್ನೂ ಹಾಕಿಕೊಳ್ಳಿ. ಖಾತೆ ಬೇರೆಯವರ ಕೈಗೆ ಹೋದರೆ ಬ್ಲಾಗೂ ಹೋದ ಹಾಗೆಯೇ.

ಥೀಮ್, ಅಂದರೆ ಬ್ಲಾಗಿನ ವಿನ್ಯಾಸ, ಆರಿಸಲು ವಾರಗಟ್ಟಲೆ ಕಳೆಯಬೇಡಿ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಮೊಬೈಲಿನಲ್ಲಿ ಸರಿಯಾಗಿ ಕಂಡರೆ ಸಾಕು. ನಮ್ಮ ಓದುಗರು ಹೆಚ್ಚಿನವರು ಮೊಬೈಲಿನಲ್ಲೇ ಓದುತ್ತಾರೆ. ಕನ್ನಡ ಅಕ್ಷರದ ಗಾತ್ರ ಮಾತ್ರ ಒಂಚೂರು ದೊಡ್ಡದು ಮಾಡಿ, ಒತ್ತಕ್ಷರಗಳು ಒಂದರ ಮೇಲೊಂದು ಕೂರದಂತೆ ಸಾಲುಗಳ ನಡುವೆ ಜಾಗ ಬಿಡಿ.

ಮೂರನೇ ಹೆಜ್ಜೆ: ಕನ್ನಡ ಟೈಪಿಂಗ್

ಮೊಬೈಲಿನಲ್ಲಿ ಜಿಬೋರ್ಡ್ ಎಂಬ ಗೂಗಲ್ ಕೀಬೋರ್ಡ್ ಹಾಕಿಕೊಂಡು ಕನ್ನಡ ಸೇರಿಸಿದರೆ ಕೀ ಒತ್ತಿಯೂ ಬರೆಯಬಹುದು, ಮಾತಾಡಿಯೂ ಬರೆಯಬಹುದು. ಟೈಪ್ ಮಾಡಲು ಬೇಜಾರು ಪಡುವವರಿಗೆ ಧ್ವನಿ ಟೈಪಿಂಗ್ ದೊಡ್ಡ ಅನುಕೂಲ. ಆದರೆ ನಮ್ಮ ಊರಿನ ಹೆಸರುಗಳು, ನಮ್ಮ ಕಡೆಯ ಮಾತು ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಹಾಗಾಗಿ ಒಂದೊಂದು ಸಾಲನ್ನೂ ಓದಿ ತಿದ್ದಿ. ಲ ಮತ್ತು ಳ, ನ ಮತ್ತು ಣ ಅದಲು ಬದಲಾಗಿರುತ್ತವೆ.

ಕಂಪ್ಯೂಟರಿನಲ್ಲಿ 'ನುಡಿ', 'ಬರಹ' ಎಂಬ ಕನ್ನಡ ತಂತ್ರಾಂಶ ಬಳಸಿ ರೂಢಿ ಇದ್ದವರು ಒಂದು ವಿಷಯ ಗಮನಿಸಬೇಕು. ಡಿಟಿಪಿ ಅಂಗಡಿಗಳಲ್ಲಿ ಟೈಪ್ ಮಾಡಿಸಿದ ಹಳೆಯ ಫೈಲುಗಳು ಹೆಚ್ಚಾಗಿ ಯೂನಿಕೋಡ್‌ನಲ್ಲಿ ಇರುವುದಿಲ್ಲ. ಅದನ್ನು ಬ್ಲಾಗಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುತ್ತದೆ. ಪರೀಕ್ಷೆ ಸುಲಭ: ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿನಲ್ಲಿ ನಿಮಗೇ ಕಳಿಸಿಕೊಳ್ಳಿ. ಕನ್ನಡವಾಗಿ ಕಂಡರೆ ಯೂನಿಕೋಡ್. ಕಾಣದಿದ್ದರೆ ಆಸ್ಕಿಯಿಂದ (ಆ ಹಳೆಯ ಫೈಲುಗಳ ಬಗೆ) ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರುಗಳು ಉಚಿತವಾಗಿ ಸಿಗುತ್ತವೆ, ಬಳಸಿ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿಗಳನ್ನು ಒಮ್ಮೆ ನೋಡಿ. ನಿಮ್ಮ ತಂದೆಯವರೋ ಮೇಷ್ಟ್ರೋ ಬರೆಸಿಟ್ಟ ಊರಿನ ಇತಿಹಾಸ ಹೀಗೆ ಹಳೆಯ ಸಿಡಿಯಲ್ಲಿ ಸಿಕ್ಕಿಕೊಂಡಿದ್ದರೆ, ಅದನ್ನು ಹೊರತೆಗೆಯಲು ಇದೇ ದಾರಿ.

ನಾಲ್ಕನೇ ಹೆಜ್ಜೆ: ಮೊದಲ ಬರಹ

'ನನ್ನ ಬ್ಲಾಗಿಗೆ ಸ್ವಾಗತ' ಎಂದು ಶುರು ಮಾಡಬೇಡಿ. ಅದನ್ನು ಯಾರೂ ಹುಡುಕುವುದಿಲ್ಲ. ನಿಮ್ಮ ಬಗ್ಗೆ ಹೇಳಲು ಬೇರೆ ಒಂದು ಪುಟ ಮಾಡಿ, ಮೊದಲ ಬರಹ ನೇರವಾಗಿ ವಿಷಯಕ್ಕೇ ಹೋಗಲಿ.

ಉದಾಹರಣೆಗೆ ಬಿದರಿ ಕೆಲಸದ ಬಗ್ಗೆ ಬರೆಯುತ್ತೀರಿ ಅಂದುಕೊಳ್ಳಿ. 'ಬಿದರಿ ಕಲೆ ಬಹಳ ಪ್ರಾಚೀನವಾದ, ವಿಶ್ವವಿಖ್ಯಾತವಾದ ಕಲೆ, ಇದು ನಮ್ಮ ಹೆಮ್ಮೆ' ಎಂದು ಬರೆದರೆ ಓದುಗನಿಗೆ ಹೊಸದೇನೂ ಸಿಗಲಿಲ್ಲ. ಕಲೆಯ ಹೆಸರು ಬದಲಿಸಿದರೆ ಇದೇ ಸಾಲನ್ನು ಎಲ್ಲಿ ಬೇಕಾದರೂ ಹಾಕಬಹುದು. ಅದರ ಬದಲು ಬೀದರಿನ ಒಂದು ಬಿದರಿ ಅಂಗಡಿಗೆ ಹೋಗಿ, ಕೇಳಿಕೊಂಡು ಅರ್ಧ ದಿನ ಕೂತು ನೋಡಿ. ಆಗ ಬರಹ ಹೀಗೆ ಬರುತ್ತದೆ:

'ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಕರಗಿಸಿ, ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಹೂಜಿ ಅಚ್ಚಿನಿಂದ ಹೊರಬಂದಾಗ ಒರಟಾಗಿರುತ್ತದೆ. ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ನೀರು ಸವರಿ ಸದ್ಯಕ್ಕೆ ಕಪ್ಪು ಮಾಡಿಕೊಳ್ಳುತ್ತಾರೆ. ಕಪ್ಪು ಮೈಮೇಲೆ ಗೀರಿದ ಗೆರೆ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಉಳಿಯಿಂದ ಆ ಗೆರೆ ಕೊರೆದು, ಒಳಗೆ ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಮತ್ತೆ ಉಜ್ಜಿದರೆ ಕಪ್ಪು ಹೋಗಿ, ಸತು ಯಾವುದು ಬೆಳ್ಳಿ ಯಾವುದು ಗೊತ್ತೇ ಆಗುವುದಿಲ್ಲ. ಕೊನೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಸೇರಿಸಿದ ದ್ರವವನ್ನು ಬಿಸಿ ಮಾಡಿದ ಹೂಜಿಗೆ ಹಚ್ಚುತ್ತಾರೆ. ಸತುವಿನ ಮೈ ಗಾಢ ಕಪ್ಪಾಗುತ್ತದೆ. ಬೆಳ್ಳಿ ಹಾಗೇ ಬೆಳ್ಳಗೆ ಉಳಿಯುತ್ತದೆ.'

ಇದರಲ್ಲಿ ಹೊಗಳಿಕೆಯ ಒಂದು ಶಬ್ದವೂ ಇಲ್ಲ. ಆದರೂ ಓದಿದವರಿಗೆ ಆ ಹೂಜಿ ಕೈಯಲ್ಲಿ ಹಿಡಿದು ನೋಡಬೇಕು ಅನಿಸುತ್ತದೆ. 2023ರಲ್ಲಿ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ಸುದ್ದಿಗಳಲ್ಲಿ ಬಿದರಿಗೆ ಸಿಕ್ಕಿದ್ದು ಕೆಲವೇ ಸಾಲಿನ ಜಾಗ. ಮಿಕ್ಕಿದ್ದನ್ನು ವಿವರವಾಗಿ ಹೇಳಲು ಬ್ಲಾಗಿನಲ್ಲಿ ಜಾಗದ ಕೊರತೆ ಇಲ್ಲ.

ಅಡುಗೆ ಬರೆದರೂ ಹೀಗೇ. 'ರುಚಿಗೆ ತಕ್ಕಷ್ಟು' ಎಂದು ದಾಟಿಸಬೇಡಿ. ಪುಂಡಿ ಸೊಪ್ಪು ಒಂದು ಕಟ್ಟಿಗೆ ಎಷ್ಟು ಬೇಳೆ, ಯಾವಾಗ ಜೋಳದ ನುಚ್ಚು ಹಾಕಬೇಕು, ಹುಳಿ ಜಾಸ್ತಿ ಆದರೆ ಏನು ಮಾಡಬೇಕು ಎಂಬುದನ್ನು ಅವ್ವನನ್ನೋ ಅತ್ತೆಯನ್ನೋ ಕೇಳಿ, ಅವರು ಮಾಡುವಾಗ ಪಕ್ಕದಲ್ಲಿ ನಿಂತು ಅಳೆದು ಬರೆದುಕೊಳ್ಳಿ.

ಜನ ಆಡಿದ ಮಾತನ್ನು ಅವರದೇ ಕನ್ನಡದಲ್ಲಿ ಇಡಿ. 'ಈ ಸಲ ಮಳಿ ಜಾಸ್ತಿ ಆಯ್ತ್ರಿ, ತೊಗರಿ ಹೂವೆಲ್ಲ ಉದುರಿ ಹೋಗ್ಯಾವ' ಎಂದು ರೈತ ಹೇಳಿದ್ದರೆ ಅದನ್ನು ಪುಸ್ತಕದ ಕನ್ನಡಕ್ಕೆ ತಿದ್ದುವುದು ಬೇಡ. ನಮ್ಮ ಮಾತಿನಲ್ಲಿ ಉರ್ದು, ಮರಾಠಿ, ತೆಲುಗು ಎಲ್ಲ ಬೆರೆತಿದೆ. ಅದು ಈ ಮಣ್ಣಿನ ಮಾತು. ಹೊರಗಿನವರಿಗೆ ತಿಳಿಯದ ಶಬ್ದ ಇದ್ದರೆ ಮುಂದಿನ ಸಾಲಿನಲ್ಲಿ ಅರ್ಥವಾಗುವ ಹಾಗೆ ಮಾಡಿ.

ಒಂದು ಬರಹ 500ರಿಂದ 1000 ಪದ ಇದ್ದರೆ ಸಾಕು. ಪ್ಯಾರಾ ಸಣ್ಣದಿರಲಿ. ಪ್ರಕಟಿಸುವ ಮುಂಚೆ ಒಮ್ಮೆ ಜೋರಾಗಿ ಓದಿ. ಎಲ್ಲಿ ಉಸಿರು ಸಾಲುವುದಿಲ್ಲವೋ ಅಲ್ಲಿ ವಾಕ್ಯ ಒಡೆಯಿರಿ. ಇನ್ನೊಂದು ಮಾತು. ಈಗ ಕೇಳಿದ್ದನ್ನು ಕ್ಷಣದಲ್ಲಿ ಬರೆದುಕೊಡುವ ಎಐ ಸಾಧನಗಳಿವೆ. ಕಾಗುಣಿತ ನೋಡಲು ಅವು ಬೇಕಾದರೆ ಇರಲಿ. ಆದರೆ ನಿಮ್ಮ ಊರಿನ ಜಾತ್ರೆಯನ್ನು ಅದು ನೋಡಿಲ್ಲ, ನೀವು ನೋಡಿದ್ದೀರಿ.

ಐದನೇ ಹೆಜ್ಜೆ: ಬರೆದದ್ದು ನಿಜವಾ, ನೋಡಿ

ಇಸವಿ, ಹೆಸರು, ಅಳತೆ ಈ ಮೂರನ್ನು ಎರಡು ಕಡೆ ನೋಡದೆ ಹಾಕಬೇಡಿ. ಸ್ಮಾರಕದ ಬಳಿ ಪುರಾತತ್ವ ಇಲಾಖೆ ಹಾಕಿರುವ ಫಲಕ, ಜಿಲ್ಲಾ ಗೆಜೆಟಿಯರ್, ಶಾಸನ ಸಂಪುಟಗಳು, ಗುಲ್ಬರ್ಗ ವಿಶ್ವವಿದ್ಯಾಲಯದ ಪ್ರಕಟಣೆಗಳು ಇವುಗಳಿಂದ ಶುರು ಮಾಡಿ. ವಾಟ್ಸಾಪಿನಲ್ಲಿ ಬಂದ ಇತಿಹಾಸವನ್ನು ಹಾಗೇ ಏರಿಸಬೇಡಿ.

ಊರಿನಲ್ಲಿ ಹೇಳುವ ಕತೆ ಬರೆಯಬಾರದು ಎಂದಲ್ಲ. ಬರೆಯಲೇಬೇಕು. 'ಊರಿನವರು ಹೀಗೆ ಹೇಳುತ್ತಾರೆ' ಎಂದು ಹೇಳಿ ಬರೆಯಿರಿ. ಕಲಬುರಗಿ ಕೋಟೆಯ ಜಾಮಿ ಮಸೀದಿ 1367ರದ್ದು ಎಂಬುದು ಇತಿಹಾಸ. ಬೇರೆ ಮಸೀದಿಗಳ ಹಾಗೆ ಅದಕ್ಕೆ ತೆರೆದ ಅಂಗಳ ಇಲ್ಲ, ಪೂರ್ತಿ ಚಾವಣಿಯ ಕೆಳಗೇ ಇದೆ ಎಂಬುದು ನೀವೇ ಹೋಗಿ ಕಣ್ಣಿಂದ ನೋಡಬಹುದಾದದ್ದು. ಕೋಟೆಯ ಸುರಂಗ ಎಲ್ಲಿಯವರೆಗೆ ಹೋಗುತ್ತದೆ ಎಂದು ಅಜ್ಜ ಹೇಳಿದ್ದು ಕತೆ. ಯಾವುದು ಯಾವುದು ಎಂದು ಓದುಗನಿಗೆ ತಿಳಿದರೆ ಮೂರಕ್ಕೂ ಬೆಲೆ ಇದೆ.

ಬೇರೆಯವರ ಬರಹ, ಫೋಟೊ ಎತ್ತಿ ಹಾಕುವುದು 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ತಪ್ಪು. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಅವರ ಬರಹದ ಹಕ್ಕು ಇರುತ್ತದೆ. 'ಕೃಪೆ: ಇಂಟರ್ನೆಟ್' ಎಂದು ಹಾಕಿದರೆ ಅನುಮತಿ ಸಿಕ್ಕ ಹಾಗಲ್ಲ. ಒಬ್ಬರ ಮಾನ ಹೋಗುವಂಥ ಆರೋಪವನ್ನು ಆಧಾರ ಇಲ್ಲದೆ ಬರೆದರೆ ಕೇಸು ಬೀಳಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮಾನಹಾನಿಯ ಸೆಕ್ಷನ್ 356. ಊರಿನ ರಸ್ತೆ, ನೀರು, ಶಾಲೆಯ ಸಮಸ್ಯೆ ಬರೆಯುವಾಗ ಹೆದರಬೇಕಿಲ್ಲ. ನೋಡಿದ್ದನ್ನು ಫೋಟೊ, ತಾರೀಕು ಸಮೇತ ಬರೆಯಿರಿ, ವ್ಯಕ್ತಿಯ ಮೇಲೆ ಹಾಯಬೇಡಿ.

ಫೋಟೊ

ಸ್ವಂತ ಫೋಟೊ ಹಾಕಿ. ಬೆಳಗ್ಗೆ ಎಂಟರ ಒಳಗೆ ಅಥವಾ ಸಂಜೆ ಐದರ ಮೇಲೆ ತೆಗೆಯಿರಿ. ನಮ್ಮ ಬೇಸಿಗೆಯ ಮಧ್ಯಾಹ್ನದ ಬಿಸಿಲಿಗೆ ಕಲ್ಲೂ ಮುಖವೂ ಎಲ್ಲ ಬೆಳ್ಳಗೆ ಸುಟ್ಟ ಹಾಗೆ ಬರುತ್ತದೆ. ಜನರ ಫೋಟೊ ತೆಗೆಯುವ ಮುಂಚೆ ಕೇಳಿ. ಗುಡಿಯ ಗರ್ಭಗುಡಿ, ದರ್ಗಾದ ಒಳಗೆ ಬೇಡ ಅಂದರೆ ಬೇಡ. ಮೊಬೈಲಿನಿಂದ ತೆಗೆದ ನಾಲ್ಕೈದು ಎಂಬಿಯ ಫೋಟೊವನ್ನು ಹಾಗೇ ಏರಿಸಿದರೆ ಹಳ್ಳಿಯಲ್ಲಿ ನೆಟ್‌ವರ್ಕ್ ಕಡಿಮೆ ಇರುವವರಿಗೆ ಪುಟ ತೆರೆಯುವುದೇ ಇಲ್ಲ. ಅಗಲ 1200 ಪಿಕ್ಸೆಲ್‌ಗೆ ಇಳಿಸಿ, 200-300 ಕೆಬಿ ಒಳಗೆ ತನ್ನಿ. ಫೋಟೊದ ಕೆಳಗೆ ಯಾವ ಊರು, ಯಾವ ತಿಂಗಳು ಎಂದು ಒಂದು ಸಾಲು ಬರೆಯಿರಿ.

ಆರನೇ ಹೆಜ್ಜೆ: ಪ್ರಕಟಿಸುವ ಮುಂಚೆ ಮೂರು ಸಣ್ಣ ಕೆಲಸ

ತಲೆಬರಹ ಜನ ಹುಡುಕುವ ಮಾತಿನಲ್ಲಿ ಇರಲಿ. 'ಒಂದು ಮರೆಯಲಾಗದ ಅನುಭವ' ಎಂದರೆ ಯಾವ ಊರು, ಯಾವ ವಿಷಯ ಗೊತ್ತಾಗುವುದಿಲ್ಲ. 'ಮಳಖೇಡ ಕೋಟೆ: ಕಲಬುರಗಿಯಿಂದ ಹೋಗುವ ದಾರಿ, ನೋಡಬೇಕಾದದ್ದು' ಎಂದರೆ ಹುಡುಕುವವರಿಗೆ ಸಿಗುತ್ತದೆ. ಕವಿರಾಜಮಾರ್ಗ ಹುಟ್ಟಿದ ಮಾನ್ಯಖೇಟ ಇದೇ ಎಂದು ಬಹಳ ಜನರಿಗೆ ಗೊತ್ತಿಲ್ಲ. ಅದನ್ನು ಮೊದಲ ಪ್ಯಾರಾದಲ್ಲೇ ಹೇಳಿ, ಆಗ ಮಾನ್ಯಖೇಟ ಎಂದು ಹುಡುಕಿದವರೂ ನಿಮ್ಮಲ್ಲಿಗೆ ಬರುತ್ತಾರೆ.

ಊರಿನ ಎರಡೂ ಹೆಸರು ಬರಹದಲ್ಲಿ ಒಮ್ಮೆಯಾದರೂ ಬರಲಿ. 2014ರಲ್ಲಿ ಸರ್ಕಾರ ಹೆಸರನ್ನು ಕಲಬುರಗಿ ಎಂದು ಬದಲಿಸಿತು, ಆದರೆ ಗುಲ್ಬರ್ಗ ಎಂದು ಹುಡುಕುವವರು ಇನ್ನೂ ಇದ್ದಾರೆ. ಸುರಪುರ-ಶೋರಾಪುರ, ಯಾದಗಿರಿ-ಯಾದಗೀರ್ ಕೂಡ ಹಾಗೇ.

ಮೂರನೆಯದು ಪರ್ಮಾಲಿಂಕ್, ಅಂದರೆ ಆ ಒಂದು ಬರಹದ ಕಾಯಂ ವಿಳಾಸ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಕನ್ನಡದಲ್ಲಿ ತಲೆಬರಹ ಕೊಟ್ಟರೆ ಬ್ಲಾಗರ್ ಆ ಬರಹದ ಲಿಂಕಿಗೆ ಬರೀ 'ಬ್ಲಾಗ್ ಪೋಸ್ಟ್' ಎಂದೋ, ಅದರ ಮುಂದೆ ಒಂದು ಅಂಕಿಯೋ ಹಾಕಿಬಿಡುತ್ತದೆ. ಬಲಗಡೆ ಪರ್ಮಾಲಿಂಕ್ ಎಂಬುದನ್ನು ಒತ್ತಿ, ಕಸ್ಟಮ್ ಆರಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ 'malakheda-kote' ಎಂಬಂತೆ ಎರಡು ಮೂರು ಶಬ್ದ ಹಾಕಿ. ಪ್ರಕಟಿಸುವ ಮುಂಚೆಯೇ ಮಾಡಿ. ಅಲ್ಲೇ ಸರ್ಚ್ ಡಿಸ್ಕ್ರಿಪ್ಷನ್ ಜಾಗದಲ್ಲಿ ಬರಹದ ಸಾರ ಒಂದೆರಡು ಸಾಲು ಬರೆದು, ಒಂದೋ ಎರಡೋ ಲೇಬಲ್ (ವಿಷಯ ಸೂಚಿಸುವ ಪದ) ಕೊಟ್ಟು ಪಬ್ಲಿಷ್ ಒತ್ತಿ.

ಓದುಗರು ಬರುವ ದಾರಿ

ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ನಿಮ್ಮ ಬ್ಲಾಗನ್ನು ಸೇರಿಸಿ. ಉಚಿತ. ಜನ ಯಾವ ಶಬ್ದ ಹುಡುಕಿ ನಿಮ್ಮಲ್ಲಿಗೆ ಬಂದರು ಎಂದು ಅಲ್ಲಿ ಕಾಣುತ್ತದೆ. ಮುಂದೆ ಏನು ಬರೆಯಬೇಕು ಎಂಬುದಕ್ಕೆ ಅದೇ ಒಳ್ಳೆಯ ಸುಳಿವು.

ಸಮಯ ನೋಡಿ ಬರೆಯಿರಿ. ಸಂಕ್ರಾಂತಿಗೆ ಮೈಲಾಪುರದ ಜಾತ್ರೆ ಇದ್ದರೆ ಅದರ ಬರಹ ಡಿಸೆಂಬರ್ ಕೊನೆಗೇ ಬರಲಿ. ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸ್, ಎಳ್ಳ ಅಮಾವಾಸ್ಯೆಯ ಚರಗ, ತೊಗರಿ ಬಿತ್ತನೆ ಎಲ್ಲಕ್ಕೂ ಎರಡು ಮೂರು ವಾರ ಮೊದಲೇ ಬರೆದು ಹಾಕಿ. ಜನ ಹುಡುಕುವುದು ಆಗಲೇ. ಮರುವರ್ಷ ಅದೇ ಬರಹವನ್ನು ಹೊಸ ತಾರೀಕು, ಹೊಸ ಬಸ್ ವಿವರದ ಜೊತೆ ಪರಿಷ್ಕರಿಸಿದರೆ ಸಾಕು, ಹೊಸದು ಬರೆಯಬೇಕಿಲ್ಲ.

ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕುವಾಗ ಸುಮ್ನೆ ಲಿಂಕ್ ಎಸೆಯಬೇಡಿ. ಬರಹದಲ್ಲಿ ಏನಿದೆ ಎಂದು ಎರಡು ಸಾಲು ಬರೆಯಿರಿ. ಸಂಬಂಧ ಇರುವ ಗುಂಪಿಗೆ ಮಾತ್ರ ಹಾಕಿ. ಕಾಮೆಂಟಿನಲ್ಲಿ ಯಾರಾದರೂ 'ಇದು ಹಾಗಲ್ರಿ, ನಮ್ಮ ಊರಾಗ ಬ್ಯಾರೆ ಪದ್ಧತಿ ಅದ' ಎಂದರೆ ಸಿಟ್ಟಾಗಬೇಡಿ, ಅವರಿಂದಲೇ ಕೇಳಿ ತಿಳಿದುಕೊಂಡು ಬರಹಕ್ಕೆ ಸೇರಿಸಿ. ಬೈಗುಳವನ್ನು ಅಳಿಸಿ, ಉತ್ತರ ಕೊಡುತ್ತಾ ಕೂರಬೇಡಿ.

ಹಣದ ವಿಷಯ ಎಲ್ಲರೂ ಕೇಳುತ್ತಾರೆ. ಗೂಗಲ್ ಆಡ್‌ಸೆನ್ಸ್ ಮೂಲಕ ಜಾಹೀರಾತು ಹಾಕಿಕೊಳ್ಳಬಹುದು. ಆದರೆ ಅದಕ್ಕೆ ಒಪ್ಪಿಗೆ ಸಿಗಬೇಕು, ಖಾತೆಯಲ್ಲಿ ನೂರು ಡಾಲರ್ ಕೂಡುವವರೆಗೆ ಹಣ ಕೈಗೆ ಬರುವುದಿಲ್ಲ. ಸಣ್ಣ ಬ್ಲಾಗಿಗೆ ಅಷ್ಟು ಕೂಡಲು ಬಹಳ ಕಾಲ ಬೇಕು. ಮೊದಲ ವರ್ಷ ಇದನ್ನು ತಲೆಗೆ ಹಚ್ಚಿಕೊಳ್ಳಬೇಡಿ. 'ತಿಂಗಳಿಗೆ ಲಕ್ಷ ಗಳಿಸಿ' ಎಂದು ಕೋರ್ಸ್ ಮಾರುವವರಿಗೆ ದುಡ್ಡು ಕೊಡಲೂ ಬೇಡಿ. ಅವರು ಹೇಳುವುದೆಲ್ಲ ಹುಡುಕಿದರೆ ಪುಕ್ಕಟೆ ಸಿಗುತ್ತದೆ.

ತಿಂಗಳಿಗೆ ಎರಡು ಬರಹ ಎಂದು ಇಟ್ಟುಕೊಳ್ಳಿ. ವಾರಕ್ಕೆ ಮೂರು ಎಂದು ಹೊರಟು ಎರಡನೇ ತಿಂಗಳಿಗೇ ನಿಲ್ಲಿಸುವುದಕ್ಕಿಂತ ಇದು ಎಷ್ಟೋ ಮೇಲು. ಬಿಡುವಿದ್ದಾಗ ಒಂದೆರಡು ಬರಹ ಜಾಸ್ತಿ ಬರೆದು ಡ್ರಾಫ್ಟ್‌ನಲ್ಲಿ ಇಡಿ, ರಾಶಿ ಮಾಡುವ ದಿನಗಳಲ್ಲೋ ಪರೀಕ್ಷೆಯ ಹೊತ್ತಿನಲ್ಲೋ ತಾನೇ ಪ್ರಕಟವಾಗುವ ಹಾಗೆ ಶೆಡ್ಯೂಲ್ ಮಾಡಿಬಿಡಿ.

ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಎಂಬುದಿದೆ. ಎರಡು ಮೂರು ತಿಂಗಳಿಗೊಮ್ಮೆ ಅದನ್ನು ಒತ್ತಿ, ಬರಹಗಳ ಫೈಲ್ ಇಳಿಸಿಕೊಂಡು ಪೆನ್‌ಡ್ರೈವಿಗೆ ಹಾಕಿ. ಫೋಟೊಗಳನ್ನೂ, ಹಿರಿಯರ ಮಾತಿನ ರೆಕಾರ್ಡಿಂಗುಗಳನ್ನೂ ಬೇರೆ ಫೋಲ್ಡರಿನಲ್ಲಿ ಊರು, ತಾರೀಕು ಬರೆದು ಇಡಿ. ಪರ್ಮಿಷನ್ಸ್ ಎಂಬಲ್ಲಿ ನಂಬಿಕೆಯ ಇನ್ನೊಬ್ಬರ ಜಿಮೇಲ್ ಸೇರಿಸಿ ಅವರನ್ನೂ ಅಡ್ಮಿನ್ ಮಾಡಿ. ನಿಮ್ಮ ಖಾತೆಗೆ ಏನಾದರೂ ಆದರೆ ಬ್ಲಾಗ್ ತೆರೆಯಲು ಇನ್ನೊಬ್ಬರು ಇರುತ್ತಾರೆ.